ಅಘನಾಶಿನಿಯೂ ಒಂದು ಹೀಬ್ರೂ ಶಬ್ದವೂ

ಅಘವೆಂದರೆ ಪಾಪ, ಅಘನಾಶಿನಿಯೆಂದರೆ ಪಾಪವನ್ನು ಕಳೆಯುವವಳು. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟೆಯ ಸೀಮೆಯಲ್ಲಿ ಕಡಲು ಸೇರುವ ನಮ್ಮ ಹೊಳೆಯ ಮೇಲೆ ಹಿರಿಯರು ಎಂಥ ಭಾರ ಹೊರಿಸಿದ್ದಾರೆ!

ಯಹೂದಿಗಳಲ್ಲಿಯೂ ಇಂಥದೊಂದು ಆಚಾರವುಂಟು. ಹೊಸ ವರ್ಷದ ದಿನ ಅವರು ನೀರಿನ ದಂಡೆಗೆ ಹೋಗಿ, ಪಾಪಗಳು ತೊಲಗಲೆಂದು ಪ್ರಾರ್ಥಿಸುತ್ತಾರೆ. ಅದರ ಹೆಸರು ತಶ್ಲೀಖ್. ‘ನೀನು ಎಸೆಯುವೆ’ ಎಂದು ಅರ್ಥ. ದೇವರು ಪಾಪಗಳನ್ನು ಸಮುದ್ರದ ಆಳಕ್ಕೆ ಹಾಕುವನೆಂದು ಪ್ರವಾದಿ ಮೀಕನು ಹೇಳಿದ ಮಾತಿನಿಂದ ಬಂದ ಶಬ್ದವದು.

ನಾವು ಪಾಪವೆಂದು ಒಂದೇ ಮಾತಿನಲ್ಲಿ ಮುಗಿಸುವುದಕ್ಕೆ ಹೀಬ್ರೂ ಶಾಸ್ತ್ರದಲ್ಲಿ ಮುಖ್ಯವಾಗಿ ಮೂರು ಶಬ್ದಗಳಿವೆ. ‘ಪೆಶ’ ಎಂದರೆ ದಂಗೆ. ‘ಅವೋನ್’ ಎಂದರೆ ಸೊಟ್ಟಗಾದದ್ದು. ‘ಖೇಟ್’ ಎಂದರೆ ಗುರಿ ತಪ್ಪಿದ್ದು. ಕೂದಲೆಳೆಗೂ ಗುರಿ ತಪ್ಪದೆ ಕವಣೆ ಬೀಸುವ ಎಡಗೈಯ 700 ಮಂದಿಯ ಕಥೆ ಬೈಬಲ್ಲಿನಲ್ಲಿದೆ. ‘ತಪ್ಪದೆ’ ಎನ್ನಲು ಅಲ್ಲಿ ಬಂದಿರುವುದು ಈ ಖೇಟ್ ಎಂಬುದರ ಧಾತುವೇ.

ಗುರಿ ತಪ್ಪಿದವನು ಮಾಡಬೇಕಾದದ್ದೇನು? ನಾವು ಪಶ್ಚಾತ್ತಾಪವೆನ್ನುತ್ತೇವೆ, ಎಂದರೆ ಆಮೇಲಿನ ಬೇಗೆ. ಕುಳಿತಲ್ಲಿಯೇ ಬೇಯಬಹುದು. ಅವರು ‘ತೆಶುವಾ’ ಎನ್ನುತ್ತಾರೆ, ಎಂದರೆ ಮರಳುವಿಕೆ. ಅದಕ್ಕೆ ಕಾಲು ಕೀಳಬೇಕು, ನಡೆಯಬೇಕು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲಿತವಾದ ಮಿಶ್ನಾ ಎಂಬ ಗ್ರಂಥ ಇನ್ನೂ ಖಂಡಿತವಾಗಿ ಹೇಳುತ್ತದೆ: ಮನುಷ್ಯ ಮನುಷ್ಯನಿಗೆ ಮಾಡಿದ ಅಪರಾಧವನ್ನು ಪ್ರಾಯಶ್ಚಿತ್ತದ ಮಹಾದಿನವೂ ಕಳೆಯಲಾರದು, ನೊಂದವನನ್ನು ಮೊದಲು ಸಮಾಧಾನಪಡಿಸಬೇಕು.

ಇದನ್ನು ಓದಿದಾಗ ನಮ್ಮ ಗಜನಿ ಗದ್ದೆ ನೆನಪಾಯಿತು. ಒಂದು ಮಳೆಗಾಲ, ಜಗಳದ ಸಿಟ್ಟಿನಲ್ಲಿ ನೆರೆಯವನೊಬ್ಬ ಒಡ್ಡು ಕಡಿದ. ಕಗ್ಗ ಉಪ್ಪನ್ನು ತಾಳುವ ಭತ್ತವೇ ಸರಿ. ಆದರೂ ಎಳೆಯ ಸಸಿಗೆ ಆ ಉಪ್ಪು ಮೀರಿತು. ಅಮಾವಾಸ್ಯೆಯಂದು ಆತ ಸಂಗಮದಲ್ಲಿ ಮಿಂದು ಬಂದ. ನಮ್ಮ ತಂದೆಯವರು ಅವನೊಡನೆ ಮಾತಾಡಲಿಲ್ಲ. ಎರಡು ವರ್ಷದ ಮೇಲೆ, ಯಾರೂ ಕರೆಯದೆ, ಹಾರೆ ಹೊತ್ತು ಬಂದು ಒಡ್ಡಿಗೆ ಮಣ್ಣು ಹಾಕತೊಡಗಿದ. ಕ್ಷಮಿಸಿ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಮಧ್ಯಾಹ್ನದವರೆಗೆ ನೋಡಿದ ತಂದೆಯವರು ಒಳಗೆ ಕೂಗಿ, “ಅವನಿಗೆ ಆಸರಿಗೆ ಕೊಡಿ” ಎಂದರು.

ಹೊಳೆಯ ಮಹಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಳಿವೆಯ ಬದಿಯಲ್ಲಿ ಬಾಳಿದವರಿಗೆ ಗೊತ್ತು: ಇಳಿತದಲ್ಲಿ ಎಸೆದದ್ದು ಭರತದಲ್ಲಿ ಹಿಂದಕ್ಕೆ ಬರುವುದುಂಟು. ಅಘನಾಶಿನಿ ಪಾಪವನ್ನು ಕಳೆಯಲಿ. ಆದರೆ ನೆರೆಮನೆಯ ಹೊಸ್ತಿಲಿನವರೆಗಿನ ದಾರಿಯನ್ನು ನಮಗೆಂದೇ ಬಿಟ್ಟಿದ್ದಾಳೆ.