ಪ್ಲೇಟು ತಿರುವಿ ಹಾಕುವಷ್ಟರಲ್ಲಿ



ಜಾಝ್ ತಂಡದ ನಾಯಕ ಡ್ಯೂಕ್ ಎಲಿಂಗ್ಟನ್ನನ ಫಾರ್ಗೋ ಕಛೇರಿ ಕೇಳಿ, "ಕೆಲವು ಹಾಡು ನಡುವೆಯೇ ತುಂಡಾಗುತ್ತವಲ್ಲ, ನನ್ನ ಪ್ರತಿಯೇ ಕೆಟ್ಟಿದೆಯೇ?" ಅಂತ ಬರೆದಿದ್ದೀರಿ. ಪ್ರತಿ ಚೆನ್ನಾಗಿಯೇ ಇದೆ. ಪ್ಲೇಟು ಮುಗಿದಿತ್ತು, ಅಷ್ಟೆ.

ಆ ಕಛೇರಿ ನಡೆದ 1940ರಲ್ಲಿ ಅಮೆರಿಕದಲ್ಲಿ ಇನ್ನೂ ಟೇಪು ಬಳಕೆಗೆ ಬಂದಿರಲಿಲ್ಲ. ಕಛೇರಿಯನ್ನು ಹಿಡಿದಿಡಬೇಕೆಂದರೆ ನುಡಿಸುತ್ತಿರುವಾಗಲೇ ಪ್ಲೇಟಿನ ಮೇಲೆ ಕೊರೆಯಬೇಕು. ಅಲ್ಯೂಮಿನಿಯಂ ತಟ್ಟೆಗೆ ನೈಟ್ರೋಸೆಲ್ಯುಲೋಸ್ ಲೇಪ, ಅದರೊಳಗೆ ಗೆರೆ ಕೊರೆಯುತ್ತ ಸಾಗುವ ಮುಳ್ಳು. ಕೊರೆದದ್ದು ಸಣ್ಣ ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಏಳುತ್ತದೆ. ಬ್ರಷ್ಷಿನಿಂದ ಅದನ್ನು ಪಕ್ಕಕ್ಕೆ ಸರಿಸುತ್ತಲೇ ಇರಬೇಕು. ಮುಳ್ಳಿಗೆ ಸುತ್ತಿಕೊಂಡರೆ ಗೆರೆ ಹಾಳು. ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವ ಸಾಮಾನು ಬೇರೆ. ಅಳಿಸಿ ತಿದ್ದುವ ಮಾತೇ ಇಲ್ಲ.

ನಾರ್ತ್ ಡಕೋಟಾದ ಫಾರ್ಗೋ ಊರಿನ ಕ್ರಿಸ್ಟಲ್ ಬಾಲ್‌ರೂಮಿಗೆ 1940ರ ನವೆಂಬರ್ 7ರಂದು ಇಂಥ ಯಂತ್ರ ಹೊತ್ತು ಬಂದವರು ಜ್ಯಾಕ್ ಟವರ್ಸ್ ಮತ್ತು ಡಿಕ್ ಬರಿಸ್, ಇಬ್ಬರು ಯುವ ಅಭಿಮಾನಿಗಳು. ಅನುಮತಿ ಮೊದಲೇ ಸಿಕ್ಕಿತ್ತು, ಮಾರಕೂಡದು ಎಂಬ ಷರತ್ತಿನ ಮೇಲೆ. 16 ಇಂಚಿನ ಪ್ಲೇಟು, ನಿಮಿಷಕ್ಕೆ 33⅓ ಸುತ್ತು, ಒಂದು ಮಗ್ಗುಲಿಗೆ ಸುಮಾರು 15 ನಿಮಿಷ. ಅಂಗಡಿಯಲ್ಲಿ ಸಿಗುವ 78 ಸುತ್ತಿನ ಪ್ಲೇಟು ಮೂರು ನಿಮಿಷಕ್ಕೆಲ್ಲ ಮುಗಿಯುತ್ತಿದ್ದ ಕಾಲವದು, ಹಾಗಾಗಿ ಇದು ಭಾರೀ ಸಿರಿತನವೇ. ಆದರೆ ಪ್ಲೇಟು ತಿರುವಿ ಹಾಕುವವರೆಗೆ ಎಲಿಂಗ್ಟನ್ ತಂಡ ಕೈಕಟ್ಟಿ ಕಾಯುತ್ತದೆಯೇ? ಜನ ಕುಣಿಯಲು ಬಂದಿದ್ದಾರೆ!

ಅಂದು ತಂಡದ ಸ್ಥಿತಿಯೂ ಸ್ವಲ್ಪ ಏರುಪೇರು. ಟ್ರಂಪೆಟ್ಟಿನ ಕೂಟಿ ವಿಲಿಯಮ್ಸ್ ಬಿಟ್ಟುಹೋಗಿ, ಅವನ ಜಾಗಕ್ಕೆ ರೇ ನ್ಯಾನ್ಸ್ ಆಗಷ್ಟೇ ಬಂದಿದ್ದ. ಆದರೂ ಜಿಮ್ಮಿ ಬ್ಲ್ಯಾಂಟನ್ನನ ಬಾಸ್ ಕಿವಿಗೊಟ್ಟು ಕೇಳಿ. 1942ರಲ್ಲಿ, 23ರ ಹರೆಯದಲ್ಲೇ, ಕ್ಷಯ ಅವನನ್ನು ಕೊಂಡೊಯ್ದಿತು. ಸ್ಟುಡಿಯೋದ ಗಡಿಯಾರದ ಹಂಗಿಲ್ಲದೆ ಅವನು ನುಡಿಸಿದ್ದು ನಮಗೆ ಸಿಕ್ಕಿರುವುದೇ ಕೊಂಚ.

ಹೀಗೆ ಪ್ಲೇಟಿನಲ್ಲಿ ಉಳಿದ ಕಛೇರಿಗಳಲ್ಲಿ, ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ 1938ರ ಜನವರಿ 16ರಂದು ನಡೆದ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಕಛೇರಿ ಹೆಚ್ಚು ಹೆಸರುವಾಸಿ, ಗೊತ್ತು. ಅದೂ ಉಳಿದದ್ದು ವ್ಯಾಪಾರಕ್ಕಲ್ಲ; ಗುಡ್‌ಮನ್ ಜೊತೆ ಹಾಡುತ್ತಿದ್ದ ಹೆಲೆನ್ ವಾರ್ಡ್‌ಗೆ ಉಡುಗೊರೆ ಕೊಡಲೆಂದು ಗಂಡ ಆಲ್ಬರ್ಟ್ ಮಾರ್ಕ್ಸ್ ಧ್ವನಿಮುದ್ರಣ ಮಾಡಿಸಿದ್ದು. ಧ್ವನಿ ತಂತಿಯ ಮೂಲಕ ಸ್ಟುಡಿಯೋಗೆ ಹೋಗಿ ಅಲ್ಲಿ ಪ್ಲೇಟಿಗೆ ಇಳಿಯಿತು. 1950ರಲ್ಲಿ ಕೊಲಂಬಿಯಾ ಅದನ್ನು ಎಲ್‌ಪಿ ಮಾಡಿತು. ಆದರೆ ಅಲ್ಲಿ ಎಲ್ಲರೂ ಕೊಂಚ ಮರ್ಯಾದೆಯಲ್ಲಿದ್ದಾರೆ, ಜರಿಪಂಚೆ ಉಟ್ಟವರ ಬಿಗುಮಾನ. ನನ್ನ ಓಟು ಫಾರ್ಗೋಗೆ.

ಮಾರಕೂಡದೆಂದು ಕೊರೆದ ಆ ಪ್ಲೇಟುಗಳು 1978ರಲ್ಲಿ ಅಧಿಕೃತವಾಗಿ ಹೊರಬಂದು ಗ್ರ್ಯಾಮಿಯನ್ನೂ ಗಿಟ್ಟಿಸಿದವು. ತುಂಡಾದ ಹಾಡುಗಳ ಚಿಂತೆ ಬಿಟ್ಟು, ಹೆಡ್‌ಫೋನ್ ಹಾಕಿ ಎಲಿಂಗ್ಟನ್ ತಂಡದ ಸ್ಯಾಕ್ಸೊಫೋನ್ ವಾದಕ ಬೆನ್ ವೆಬ್‌ಸ್ಟರ್‌ನ 'ಸ್ಟಾರ್‌ಡಸ್ಟ್' ಕೇಳಿ. ಹೇಗನ್ನಿಸಿತೆಂದು ಬರೆಯಿರಿ.

ಇತಿ ನಿಮ್ಮವ