ಅಬಚಿಯ ತುಕಡಿ ಗಂಟು

ಬೆಂಗಳೂರಿನಲ್ಲಿರುವ ಮೊಮ್ಮಗಳಿಗೆ ಬೇಸಿಗೆ ರಜೆಯಲ್ಲಿ ಬಟ್ಟೆಯ ತುಂಡುಗಳಿಂದ ಏನಾದರೂ ಮಾಡಿಕೊಂಡು ಬರಲು ಶಾಲೆಯವರು ಹೇಳಿದ್ದರು. ಮಗ ಆನ್‌ಲೈನಿನಲ್ಲಿ ಒಂದು ಕಿಟ್ ತರಿಸಿದ. ಡಬ್ಬಿ ಬಿಚ್ಚಿದರೆ ಒಂದೇ ಅಳತೆಗೆ ಕತ್ತರಿಸಿದ ಹೊಚ್ಚ ಹೊಸ ಬಟ್ಟೆಯ ಚೌಕಗಳು, ಅಂಚಿಗೆ ಮೊದಲೇ ತೂತು ಹೊಡೆದಿಟ್ಟ ಆನೆ, ಒಂದು ಪ್ಲಾಸ್ಟಿಕ್ ಸೂಜಿ. ಅದನ್ನೆಲ್ಲ ಹರವಿಕೊಂಡು ಕೂತ ಹುಡುಗಿ ಕೇಳಿದಳು: ‘ಅಜ್ಜಿ, ನೀವು ಸಣ್ಣವರಿದ್ದಾಗ ತುಂಡು ಬಟ್ಟೆ ಎಲ್ಲಿ ಕೊಳ್ತಿದ್ರಿ?’

ತುಂಡು ಬಟ್ಟೆ ಕೊಳ್ಳುವುದು! ಗುಳೇದಗುಡ್ಡದಲ್ಲಿ ಈ ಮಾತು ಆಡಿದ್ದರೆ ಓಣಿಯೆಲ್ಲ ನಗುತ್ತಿತ್ತು.

ನಾನು ಹೇಳುತ್ತಿರುವುದು 1970ರ ದಶಕದ ಮಾತು. ಗುಳೇದಗುಡ್ಡ ಈಗಿರುವ ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಆಗಿನ್ನೂ ನಾವು ವಿಜಾಪುರದವರೇ. ಶಾಲೆಗೆಂದು ನನ್ನನ್ನು ಆ ಊರಿನ ಅಜ್ಜನ ಮನೆಯಲ್ಲಿ ಬಿಟ್ಟಿದ್ದರು. ಎಡಕ್ಕೊಂದು ಬಲಕ್ಕೊಂದು ಕುಣಿಮಗ್ಗದ ಸಪ್ಪಳ, ಬಾಗಿಲಿಗೆ ಬಂದರೆ ಗಂಜಿ ಹಚ್ಚಿದ ಹಾಸಿನ ಹುಳಿವಾಸನೆ. ಕುಪ್ಪಸಕ್ಕೆಂದು ಅಲ್ಲಿ ನೇಯ್ದ ಹೊಸ ಖಣವನ್ನು ಮೂಗಿಗೆ ಹಿಡಿದರೂ ಅದೇ ವಾಸನೆ. ಇಂದಿಗೂ ಅನ್ನದ ಗಂಜಿ ಸ್ವಲ್ಪ ಹುಳಿ ಬಂದರೆ ನನಗೆ ಹಸಿವಾಗುವುದಿಲ್ಲ, ಕೈಗೆ ಸೂಜಿ ಬೇಕೆನಿಸುತ್ತದೆ.

ಆ ಮನೆಯಲ್ಲಿ ಹೊಲಿಗೆಯ ಯಜಮಾನಿಕೆ ನಮ್ಮ ಅಬಚಿಯದು, ಅಂದರೆ ಅವ್ವನ ತಂಗಿಯದು. ಆಕೆಯ ಬಳಿ ಒಂದು ದೊಡ್ಡ ಗಂಟಿತ್ತು. ಕುಪ್ಪಸ ಹೊಲಿಯುವ ಸಿಂಪಿಗರು ಖಣ ಕತ್ತರಿಸಿದ ಮೇಲೆ ಉಳಿಯುವ ತುಕಡಿಗಳು ಅದಕ್ಕೆ ಬಂದು ಸೇರುತ್ತಿದ್ದವು: ಬಗಲಿನಿಂದ ಬಿದ್ದ ಅರ್ಧಚಂದ್ರ, ಕೊರಳಿನಿಂದ ಬಿದ್ದ ದುಂಡು, ಅಂಚಿನ ಬೆರಳಗಲದ ಪಟ್ಟಿ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಗಂಟು ಬಿಚ್ಚಿದಳೆಂದರೆ ಮಕ್ಕಳು ಸುತ್ತ ಕೂಡಬೇಕು. ಕೆಂಪು ಒಂದು ಕಡೆ, ಹಸಿರು ಒಂದು ಕಡೆ, ಬಣ್ಣ ಬಿಡುವುದು ಬೇರೆ. ಸೂರ್ಯನಾರಾಯಣ, ತೇರು, ಆನೆಹೆಜ್ಜೆ, ಸಿದ್ದೇಶ್ವರ ಮುಕುಟ ಎಂದು ಖಣದ ಚಿತ್ತಾರದ ಹೆಸರುಗಳು ನಮ್ಮ ಬಾಯಿಗೆ ಬಂದದ್ದು ಹೀಗೆ ತುಕಡಿ ಆರಿಸುತ್ತ. ಅಕ್ಷರ ಬಂದದ್ದು ಆಮೇಲೆ.

‘ಕಲಸ್ತೀನಿ ಬಾ’ ಎಂದು ಅಬಚಿ ಯಾರನ್ನೂ ಕರೆದವಳಲ್ಲ. ಅಜ್ಜಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ, ದಾರ ಪೋಣಿಸಿಕೊಡಲು ನಾಲ್ಕೈದು ವರ್ಷದವರ ಕಣ್ಣು ಬೇಕು. ಅಲ್ಲಿಂದ ಶುರು. ದಾರದ ತುದಿ ಬಾಯಲ್ಲಿಟ್ಟು ನೆನೆಸಿ, ಬೆರಳಲ್ಲಿ ಹೊಸೆದು, ಬೆಳಕಿಗೆ ಹಿಡಿದು ಒಂದೇ ಸಲಕ್ಕೆ ಪೋಣಿಸಿದ ಕೂಸಿಗೆ ಮನೆಯಲ್ಲಿ ಒಂದು ಸ್ಥಾನ ಸಿಗುತ್ತಿತ್ತು. ಆಮೇಲೆ ಸಿಂಬಿ ಸುತ್ತುವುದು: ಕೊಡ ಹೊರುವವರ ತಲೆಗೆ ಬೇಕಾದ ಬಟ್ಟೆಯ ಸುರುಳಿ, ತಪ್ಪಿದರೂ ನಷ್ಟವಿಲ್ಲ. ಅದೂ ಬಂತೆಂದರೆ ಹಳೆಯ ಬಟ್ಟೆಯೊಂದನ್ನು ಮಡಿಸಿ, ಉಗುರಿನಿಂದ ತೀಡಿ ಗೆರೆ ಮೂಡಿಸಿ, ‘ಈ ಗೆರಿ ಮ್ಯಾಲ ಟಾಕಿ ಹಾಕ್ಕೋತ ಹೋಗು’ ಎಂದು ಕೊಡುತ್ತಿದ್ದಳು. ಎಡಗೈ ಬೆರಳು ಬಟ್ಟೆಯ ಅಡಿಗಿರಬೇಕು, ಸೂಜಿಯ ಮೊನೆ ತಾಗಿದ ಕೂಡಲೇ ಮೇಲಕ್ಕೆ ಎತ್ತಬೇಕು. ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದರೆ ಬೈಗುಳ. ‘ಬೆರಳಿಂದ ನೋಡವಾ, ಕಣ್ಣು ಮುಂದ ಬೇಕಾಗ್ತಾವು.’ ಉದ್ದ ದಾರ ಎಳೆದುಕೊಂಡರೂ ಬೈಗುಳವೇ: ‘ಮೊಳ ಸಾಕು. ಹೆಚ್ಚಾತಂದ್ರ ಗಂಟು ಬೀಳ್ತದ.’

ದೀಪ ಹಚ್ಚಿದ ಮೇಲೆ ಸೂಜಿ ಮುಟ್ಟುವಂತಿಲ್ಲ. ಲಕ್ಷ್ಮಿ ಬರುವ ಹೊತ್ತು ಎಂದು ಹೇಳುತ್ತಿದ್ದರು. ಕತ್ತಲಲ್ಲಿ ಕಳೆದ ಸೂಜಿ ಕೂಸಿನ ಹಾಸಿಗೆಯಲ್ಲಿ ಸಿಗುತ್ತದೆಂಬ ಹೆದರಿಕೆಯೇ ಅಸಲು ಕಾರಣ ಎಂದು ನನ್ನ ಲೆಕ್ಕ.

ಆ ಗಂಟಿನಿಂದ ಏನೇನು ಹೊರಬರುತ್ತಿತ್ತು! ಅಜ್ಜನ ಎಲೆಅಡಕೆಗೆ ಚಂಚಿ, ನಮಗೆ ಪಾಟೀಚೀಲ, ಬಾಗಿಲಿಗೆ ತೋರಣ, ಕಾರಹುಣ್ಣಿಮೆಗೆ ಎತ್ತಿನ ಜೂಲ. ಗೊಂಬಿ ಲಗ್ನಕ್ಕೆ ಮದುಮಗ ಮದುಮಗಳು; ಮದುಮಗಳಿಗೆ ಖಣದ ಕುಪ್ಪಸ, ಮದುಮಗನಿಗೆ ಬರಿಯ ಬಿಳಿ ಚಿಂದಿ, ಗಂಡಸರ ಬಟ್ಟೆಗೆ ಗಂಟಿನಲ್ಲಿ ಬಣ್ಣವೇ ಇರುತ್ತಿರಲಿಲ್ಲ. ದೊಡ್ಡ ಕೆಲಸವೆಂದರೆ ಕೌದಿ. ಹಳೆಯ ಸೀರೆಯ ಅಸ್ತರ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ನಡುವೆ ಹರಕು ಧೋತರದ ಪದರ, ಮೇಲೆ ತುಕಡಿ. ಇಳಕಲ್ ಸೀರೆಯ ಒಡಲು ಹತ್ತಿ, ಅದು ಮೈಗೆ ತಾಗುವ ಕಡೆ. ಸೆರಗು ರೇಷ್ಮೆಯದು, ಗಟ್ಟಿ, ಅದು ಅಂಚಿಗೆ. ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಕೊನೆಗೆ ನಟ್ಟನಡುವೆ ಬೆರಳು ತೂರುವಷ್ಟು ಸಂದು ಉಳಿದಾಗ ಮನೆಯ ಎಲ್ಲಕ್ಕಿಂತ ಸಣ್ಣ ಕೂಸಿನ ಕೈಯಿಂದ ಅದರೊಳಗೆ ನಾಲ್ಕು ಕಾಳು ಜೋಳ ಹಾಕಿಸುತ್ತಿದ್ದಳು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ.

ಊರೂರಿಗೆ ಇಂಥ ಒಂದು ರೀತಿ ಇತ್ತು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯ ಮೂಲೆಗಳಿಗೆ ಬಟ್ಟೆ ಮಡಿಸಿದ ಹೂ ಕೂಡಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಆ ಕೌದಿಗಳನ್ನು ಹೆನ್ರಿ ಡ್ರೂವಾಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಅಭ್ಯಾಸ ಮಾಡಿ, 2011ರಲ್ಲಿ ನ್ಯೂಯಾರ್ಕಿನಲ್ಲಿ ಗೋಡೆಗೆ ತೂಗುಹಾಕಿ ತೋರಿಸಿದರು. ನಮ್ಮ ಮನೆಯಲ್ಲಿ ಬೀಗರು ಬಂದರೆ ಕೌದಿಯನ್ನು ಒಳಗೆ ಮುಚ್ಚಿಟ್ಟು ಸೊಲ್ಲಾಪುರದ ಚಾದರ ಹಾಸುತ್ತಿದ್ದರು.

ಹೌದು, ಬಡತನ. ಅದನ್ನು ಬಿಟ್ಟು ಈ ಕಥೆ ಹೇಳಲು ಬರುವುದಿಲ್ಲ. ವರ್ಷಕ್ಕೆ ಎರಡು ಜೊತೆ ಅರಿವೆ ಇದ್ದವರಿಗೆ ತುಕಡಿ ಕೂಡಿಸುವುದು ಕಲೆಯಾಗಿರಲಿಲ್ಲ. ಚಳಿಗೆ ಬೇಕಿತ್ತು, ಹೊಲಿದರು. ಹೊಲಿದವರೂ ಹೆಣ್ಣುಮಕ್ಕಳಷ್ಟೇ. ದಾರ ಪೋಣಿಸುವವರೆಗೆ ನನ್ನ ತಮ್ಮನೂ ಗಂಟಿನ ಪಕ್ಕದಲ್ಲಿರುತ್ತಿದ್ದ. ಟಾಕಿ ಹಾಕುವ ವಯಸ್ಸಾಗುತ್ತಲೇ ಅವನು ಚಿಣ್ಣಿದಾಂಡಿಗೆ ಹೋದ, ನಾನು ಪಡಸಾಲೆಯಲ್ಲಿ ಉಳಿದೆ. ಬೆರಳಿಗೆ ಚುಚ್ಚಿದರೆ ಅರಿಶಿನ, ಮತ್ತೆ ಸೂಜಿ.

ಅಬಚಿಯಾದರೂ ಯಾಕೆ ಹೊಲಿಯುತ್ತಿದ್ದಳು? ಹದಿನೆಂಟು ತುಂಬುವ ಮೊದಲೇ ಗಂಡ ತೀರಿಹೋಗಿ ತವರಿಗೆ ಬಂದವಳು. ಅಣ್ಣನ ಮನೆಯ ಅನ್ನಕ್ಕೆ ಅದು ಆಕೆಯ ಲೆಕ್ಕ. ಓಣಿಯಲ್ಲಿ ಯಾವ ಕೂಸು ಹುಟ್ಟಿದರೂ ಕುಂಚಿಗೆ ಆಕೆಯ ಕೈಯದೇ: ತಲೆಗೆ ಕೂಡುವ ಟೊಪ್ಪಿಗೆ, ಅಲ್ಲಿಂದ ಬೆನ್ನಿನ ಮೇಲೆ ಇಳಿಬೀಳುವ ಖಣ, ಸುತ್ತ ಕೆಂಪು ಪಟ್ಟಿ, ಅಂಚಿಗೆ ಮಣಿ. ಮಣಿ ಕೂಡಿಸಿದ ಮೇಲೆ ಅದನ್ನು ತನ್ನ ಕೆನ್ನೆಗೆ ಒತ್ತಿ ಉಜ್ಜಿ ನೋಡುತ್ತಿದ್ದಳು, ಎಲ್ಲಾದರೂ ಗಂಟು ಚುಚ್ಚುತ್ತದೇನೋ ಎಂದು. ತೊಟ್ಟಿಲ ದಿನ ಕೂಸಿನ ಸೋದರತ್ತೆ ಆ ಕುಂಚಿಗೆಯನ್ನು ತಟ್ಟೆಯಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಅಬಚಿಗೆ ಕರೆ ಬರುತ್ತಿರಲಿಲ್ಲ. ಗಂಡ ಇಲ್ಲದವಳು ತೊಟ್ಟಿಲ ಬಳಿ ನಿಲ್ಲಬಾರದು. ಆಗ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಆ ಕಾಲ ಚೆನ್ನಾಗಿತ್ತೆಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಆದರೂ ಆಕೆ ವ್ಯವಹಾರಕ್ಕೆ ನಿಂತದ್ದನ್ನು ನೋಡಬೇಕಿತ್ತು. ‘ಹಳೇ ಅರಬಿಗೆ ಭಾಂಡೇ...’ ಎಂದು ಕೂಗುತ್ತ ತಲೆಯ ಮೇಲೆ ಬುಟ್ಟಿ ಹೊತ್ತವಳು ಓಣಿಗೆ ಬರತೊಡಗಿದ್ದು ಆ ದಿನಗಳಲ್ಲೇ. ಅಜ್ಜಿಗೆ ಮುಚ್ಚಳದ ಸ್ಟೀಲ್ ಡಬ್ಬಿಯೊಂದರ ಮೇಲೆ ಮನಸ್ಸಾಯಿತು. ಭಾಂಡೆಯವಳು ಅಜ್ಜಿಯ ಎರಡು ಹಳೆಯ ಇಳಕಲ್ ಸೀರೆ ಕೇಳಿದಳು. ಅಬಚಿ ಒಳಗೆ ಹೋಗಿ ಮಾವನ ಟೆರಿಕಾಟ್ ಪ್ಯಾಂಟು ತಂದು ಮುಂದೆ ಒಗೆದಳು.

‘ಇಷ್ಟಕ್ಕ ಡಬ್ಬಿ ಹೆಂಗ ಬರ್ತದ್ರೀ ಅಕ್ಕಾರ? ಬೇಕಾರ ಈ ವಾಟಿ ತಗೋರಿ.’

‘ಎಲ್ಲೂ ಹರದಿಲ್ಲ, ನೋಡು. ಹತ್ತು ವರ್ಷ ಹಾಕ್ಕೊಂಡ್ರೂ ಸಾಯೂದಿಲ್ಲ ಅದು.’

‘ಸೀರಿ ಒಂದರ ಕೊಡ್ರಿ.’

‘ಸೀರಿ ಕೂಸಿಗೆ ಬೇಕು.’

‘ಯಾವ ಕೂಸಿಗ್ರೀ?’

‘ಹುಟ್ಟೂ ಕೂಸಿಗೆ.’

ಭಾಂಡೆಯವಳು ಬುಟ್ಟಿ ಹೊತ್ತು ಓಣಿಯ ತಿರುವಿನವರೆಗೆ ಹೋಗಿ ಮರಳಿ ಬಂದಳು. ಪ್ಯಾಂಟಿನ ಮೇಲೆ ಮಾವನದೇ ಒಂದು ಬುಶ್‌ಶರ್ಟು ಬಿದ್ದು ಡಬ್ಬಿ ನಮ್ಮದಾಯಿತು. ಇಬ್ಬರಿಗೂ ತಾವೇ ಗೆದ್ದ ಸಮಾಧಾನ. ಭಾಂಡೆಯವಳಿಗೆ ಸಂತೆಯಲ್ಲಿ ಮಾರಿಹೋಗುವುದು ಪ್ಯಾಂಟು, ಅಬಚಿಗೆ ಬೇಡವಾದದ್ದೂ ಪ್ಯಾಂಟು. ಸಂಜೆ ಮಾವ ಮನೆ ಹಾರಿಹೋಗುವ ಹಾಗೆ ಕೂಗಾಡಿದ, ಅದು ಬೇರೆ ಮಾತು.

ಅಬಚಿಗೆ ಟೆರಿಕಾಟ್ ಯಾಕೆ ಬೇಡವಾಗಿತ್ತೆಂದು ನನಗೆ ತಿಳಿದದ್ದು ಅದನ್ನು ಹೊಲಿಯಲು ಕೂತಾಗ. ಮಡಿಸಿ ಉಗುರು ತೀಡಿದರೆ ಗೆರೆ ನಿಲ್ಲುವುದಿಲ್ಲ. ತುಕಡಿ ಜಾರುತ್ತದೆ. ಕೂಸಿನ ಉಚ್ಚೆ ಹೀರುವುದಿಲ್ಲ, ಸೆಕೆಗೆ ಮೈಗೆ ಅಂಟುತ್ತದೆ. ಹತ್ತಿ ಒಗೆದಷ್ಟೂ ಮೆತ್ತಗಾಗುತ್ತದೆ. ಇದು ಒಗೆದಷ್ಟೂ ಹಾಗೇ ಇರುತ್ತದೆ. ಹೆಂಗಸರೆಲ್ಲ ನೈಲೆಕ್ಸ್, ಪಾಲಿಯೆಸ್ಟರ್ ಸೀರೆಗೆ ಹೋದರು. ಅವರನ್ನು ದೂರುವುದು ಹೇಗೆ? ಒಗೆಯಲು ಹಗುರ, ಬೇಗ ಒಣಗುತ್ತದೆ, ಹರಿಯುವುದಿಲ್ಲ. ದಸರೆಗೆ ಮುಂಚೆ ಹಳ್ಳಕ್ಕೆ ಹೊತ್ತೊಯ್ದ ಒದ್ದೆ ಕೌದಿಯನ್ನು ಇಬ್ಬರು ನಿಂತು ಹಿಂಡಿದವರಿಗೆ ಆ ಹಗುರದ ಬೆಲೆ ಗೊತ್ತು. ಆದರೆ ಹರಿಯದ ಸೀರೆ ಬಂದ ಮೇಲೆ ಮನೆಯಲ್ಲಿ ಹಳೆಯ ಮೆತ್ತನೆಯ ಬಟ್ಟೆಯೇ ಉಳಿಯಲಿಲ್ಲ, ಗಂಟು ತುಂಬಲಿಲ್ಲ. ಹಿಂದೆಯೇ ರೆಡಿಮೇಡ್ ಅಂಗಿ ಬಂತು, ಉಣ್ಣೆಯಂತೆ ಕಾಣುವ ರಗ್ಗು ಬಂತು. ಹೆಣ್ಣುಮಕ್ಕಳು ಸೋಮಾರಿಗಳಾದರೆಂದು ಹಳಬರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಕೈ ಇತ್ತು, ಅರಿವೆ ಹೋಯಿತು.

ಈಗ ಬೆಂಗಳೂರಿನ ಕರಕುಶಲ ಮೇಳಗಳಲ್ಲಿ ಕೌದಿಗೆ ಸಾವಿರಗಟ್ಟಲೆ ಬೆಲೆ. ಹೊಲಿದವರಿಗೆ ನಾಲ್ಕು ಕಾಸು ಸಿಕ್ಕರೆ ಒಳ್ಳೆಯದೇ. ನನ್ನ ಜಗಳ ಇರುವುದು ಆ ಕಿಟ್ಟಿನ ಜೊತೆ. ಹೊಸ ಬಟ್ಟೆಯನ್ನು ಕತ್ತರಿಸಿ ಚಿಂದಿ ಮಾಡಿ, ಚಿಂದಿಯನ್ನು ಡಬ್ಬಿಯಲ್ಲಿಟ್ಟು, ‘ಮರುಬಳಕೆ ಕಲಿಯಿರಿ’ ಎಂದು ಮಕ್ಕಳಿಗೆ ಮಾರುತ್ತಾರೆ! ತೂತು ಮೊದಲೇ ಇದ್ದರೆ ಬೆರಳಿಗೆ ಏನು ಕೆಲಸ? ಎಲ್ಲ ಚೌಕವೂ ಒಂದೇ ಅಳತೆಗಿದ್ದರೆ ಯಾವುದು ಯಾವುದಕ್ಕೆ ಕೂಡುತ್ತದೆಂದು ಯೋಚಿಸುವ ಗೋಜೇ ಇಲ್ಲ. ಬಗಲಿನ ಅರ್ಧಚಂದ್ರಕ್ಕೆ ಜೊತೆಯಾಗಲು ಇನ್ನೊಂದು ಅರ್ಧಚಂದ್ರ ಹುಡುಕುತ್ತ ನಾವು ಮಧ್ಯಾಹ್ನಗಟ್ಟಲೆ ಗಂಟು ಕೆದಕುತ್ತಿದ್ದೆವು. ಅಳತೆ ಕಲಿತದ್ದು ಅಲ್ಲಿ.

ಮನೆಯಲ್ಲಿ ಸಣ್ಣ ಮಕ್ಕಳಿರುವವರಿಗೆ ಒಂದು ಮಾತು. ನಿಮ್ಮ ಬೀದಿಯ ಟೇಲರ್ ಅಂಗಡಿಯಲ್ಲಿ ಮಷಿನ್ನಿನ ಕೆಳಗೆ ತುಕಡಿಯ ಚೀಲ ಇದ್ದೇ ಇರುತ್ತದೆ. ಕಸದ ಗಾಡಿ ಬರುವ ಮೊದಲು ಹೋಗಿ ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಹತ್ತಿಯದನ್ನಷ್ಟೇ ಆರಿಸಿಕೊಳ್ಳಿ. ಗುರುತು ಸಿಗದಿದ್ದರೆ ಒಂದು ಎಳೆ ಸುಟ್ಟು ನೋಡಿ: ಹತ್ತಿ ಬೂದಿಯಾಗಿ ಉದುರುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸುಡುವ ಕೆಲಸ ದೊಡ್ಡವರೇ ಮಾಡಿ. ಸೂಜಿ ಮಾತ್ರ ಉಕ್ಕಿನದೇ ಇರಲಿ, ಪಕ್ಕದಲ್ಲಿ ನೀವು ಕೂಡಿ. ಗಂಡುಹುಡುಗರು ಟಾಕಿ ಹಾಕುವ ವಯಸ್ಸಿಗೆ ಬಂದಾಗ ಆಟಕ್ಕೆಂದು ಎಬ್ಬಿಸಿ ಕಳಿಸಬೇಡಿ.