ಪಿಕಪ್ ಪುರಾಣ

ಅಮರಗೋಳದಾಗ 'ಪಿಕಪ್ ಬದಲಿ ಮಾಡಬೇಕು' ಅಂದ್ರ ಎಪಿಎಂಸಿಗೆ ಉಳ್ಳಾಗಡ್ಡಿ ಹೇರ್ಕೊಂಡು ಬರೋ ಗಾಡಿ ಅಂತನ ತಿಳೀತಾರ. ನಾ ಹೇಳೋದು ಎಲೆಕ್ಟ್ರಿಕ್ ಗಿಟಾರಿಂದು. ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ಎಳಿ. ಉಕ್ಕಿನ ತಂತಿ ನಡುಗಿದ್ದನ್ನ ಕರೆಂಟ್ ಮಾಡ್ತದ, ಅಷ್ಟ. ಅದು ಕಿವಿ, ಗಂಟಲಲ್ಲ.

8 ಸಾವಿರದ ಗಿಟಾರಿಗೆ 6 ಸಾವಿರದ ಪಿಕಪ್ ಕೂಡಿಸಿದ್ರ ಜಾರೋ ಶ್ರುತಿ ನಿಲ್ಲತದೇನು? ನಮ್ಮ ಧಾರವಾಡದಾಗ ಸಿತಾರದ ನಾದ ಮಂಕಾದ್ರ ಮೊದಲು ತಂತಿ ಕೆಳಗಿನ ಜವಾರಿ ತೀಡಸ್ತಾರ, ಬುರುಡಿ ಬದಲಿ ಮಾಡೂದಿಲ್ಲ. (ಜವಾರಿ ಅಂದಕೂಡಲೇ ಕೋಳಿ ನೆನಪಾಗೋರು ಕ್ಷಮಿಸ್ರಿ.) ಇಲ್ಲೂ ಹಂಗ: ಹೊಸಾ ತಂತಿ ಹಾಕ್ರಿ, ಸ್ಕ್ರೂಡ್ರೈವರ್‌ಲೆ ಪಿಕಪ್ ತುಸು ಏರಿಸಿ ಇಳಿಸಿ ನೋಡ್ರಿ.

ಕರೆಂಟಿನ 50 ಹರ್ಟ್ಜ್ ಗುಂಯ್‌ಗುಡೋದ ತಲಿನೋವಾಗಿದ್ರ, ಮತ್ತ ನೆಕ್ ನೆಟ್ಟಗಿದ್ರ, ಎರಡು ಸುರುಳಿಯ ಹಂಬಕರ್ ಹಾಕಸ್ರಿ. ರೊಕ್ಕ ದಂಡ ಅನ್ನಂಗಿಲ್ಲ.